ಖಾನಾಪುರದ ಕಾಡು: ಒಂದು ನಕ್ಷೆಯಲ್ಲಿ ಹಸಿರು, ಇನ್ನೊಂದರಲ್ಲಿ ಕೆಂಪು. ಯಾವುದನ್ನು ನಂಬಬೇಕು?

ಖಾನಾಪುರ ಮಾಸ್ತರ
ಪ್ರೌಢಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತೇನೆ. ನಮ್ಮ ತಾಲ್ಲೂಕಿನ ಕಾಡು ಹೆಚ್ಚಿದೆಯೋ ಕರಗಿದೆಯೋ ಎಂಬುದನ್ನು ಮಕ್ಕಳಿಗೆ ಉಪಗ್ರಹ ನಕ್ಷೆಯಲ್ಲಿ ತೋರಿಸಬೇಕೆಂದುಕೊಂಡೆ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ ವರದಿಯಂತೆ 2019ರಿಂದ 2021ಕ್ಕೆ ಕರ್ನಾಟಕದ ಅರಣ್ಯ ಹೊದಿಕೆ 155 ಚದರ ಕಿಲೋಮೀಟರ್ ಹೆಚ್ಚಿ 38,730ಕ್ಕೆ ಮುಟ್ಟಿದೆ. ಗ್ಲೋಬಲ್ ಫಾರೆಸ್ಟ್ ವಾಚ್ ಜಾಲತಾಣ ತೆರೆದು ನಮ್ಮ ಜಾಂಬೋಟಿ, ಲೋಂಡಾ ಕಡೆ ಹಿಗ್ಗಿಸಿ ನೋಡಿದರೆ ಅಲ್ಲಲ್ಲಿ ಕೆಂಪು ಚುಕ್ಕೆಗಳು, ಅಂದರೆ ಮರ ಹೋದ ಜಾಗಗಳು. ಎರಡೂ ಉಪಗ್ರಹದ ಚಿತ್ರದಿಂದಲೇ ತೆಗೆದ ಲೆಕ್ಕ. ‘ಸರ್, ಇವೆರಡರಲ್ಲಿ ಸುಳ್ಳು ಹೇಳುವುದು ಯಾವುದು?’ ಎಂದು ಒಬ್ಬ ಹುಡುಗಿ ನೇರವಾಗಿ ಕೇಳಿದಳು. ಬಲ್ಲವರು ತಿಳಿಸಬೇಕು.

ಕರದಂಟು ಪ್ರಿಯ
ಎರಡೂ. ಇಷ್ಟೇ ಉತ್ತರ.

ಲೋಂಡಾ ಪ್ಯಾಸೆಂಜರ್
ಸರ್ಕಾರದ ವರದಿಯಲ್ಲಿ ಕಾಡು ಪ್ರತಿ ಸಲ ಬೆಳೆಯುತ್ತಲೇ ಇರುತ್ತದೆ. ಬೆಳಗಾವಿಯಿಂದ ಗೋವಾ ಕಡೆ ಹೋಗುವ ಹೆದ್ದಾರಿ ಅಗಲ ಮಾಡುವಾಗ ರಸ್ತೆಬದಿಯ ದೊಡ್ಡ ದೊಡ್ಡ ಮರ ಉರುಳಿದ್ದನ್ನು ನಾವೆಲ್ಲ ನೋಡಿದ್ದೇವೆ. ಅದು ಯಾವ ವರದಿಯಲ್ಲಿ ಇಳಿಕೆಯಾಗಿ ಬಂದಿದೆ, ತೋರಿಸಿ.

ಅವಕೆಂಪು
ಮಾಸ್ತರೇ, ಸುಳ್ಳು ಎರಡರಲ್ಲೂ ಇಲ್ಲ. ಇಬ್ಬರೂ ಬೇರೆ ಬೇರೆ ವಸ್ತುವನ್ನು ಎಣಿಸಿ, ಎರಡಕ್ಕೂ ಕಾಡು ಎಂದು ಹೆಸರಿಟ್ಟಿದ್ದಾರೆ.

ಸಮೀಕ್ಷಾ ಸಂಸ್ಥೆಯ ಪ್ರಕಾರ ಒಂದು ಹೆಕ್ಟೇರ್‌ಗಿಂತ ದೊಡ್ಡದಾದ, ಶೇ 10ಕ್ಕಿಂತ ಹೆಚ್ಚು ಭಾಗ ಮರದ ನೆರಳಿನಲ್ಲಿರುವ ಯಾವುದೇ ಜಾಗ ‘ಅರಣ್ಯ ಹೊದಿಕೆ’. ಜಮೀನು ಯಾರದು, ಮರ ಯಾವ ಜಾತಿಯದು ಎಂಬುದು ಲೆಕ್ಕಕ್ಕಿಲ್ಲ. ಹಣ್ಣಿನ ತೋಟ, ಬಿದಿರು, ತಾಳೆ ಎಲ್ಲವೂ ಸೇರುತ್ತವೆ. ಶೇ 70 ಮತ್ತು ಮೇಲೆ ಇದ್ದರೆ ಅತಿ ದಟ್ಟ, 40ರಿಂದ 70 ಮಧ್ಯಮ ದಟ್ಟ, 10ರಿಂದ 40 ತೆರೆದ ಕಾಡು. ಅದಕ್ಕಿಂತ ಕಡಿಮೆಯಾದರೆ ಕುರುಚಲು. ಆ ಕುರುಚಲು ಅರಣ್ಯ ಹೊದಿಕೆಯ ಮೊತ್ತದಲ್ಲಿ ಬರುವುದಿಲ್ಲ.

ಕೆಂಪು ಚುಕ್ಕೆಗಳದು ಬೇರೆ ಲೆಕ್ಕ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಲ್ಯಾಂಡ್‌ಸ್ಯಾಟ್ ಎಂಬ ಉಪಗ್ರಹದ ಚಿತ್ರಗಳಿಂದ ಮಾಡಿದ್ದು, ಮೊದಲು ಪ್ರಕಟವಾದದ್ದು 2013ರಲ್ಲಿ. ಐದು ಮೀಟರ್‌ಗಿಂತ ಎತ್ತರದ ಮರಗಳ ಹೊದಿಕೆ ಚಿತ್ರದ ಒಂದು ಚೌಕದಲ್ಲಿ (ಪಿಕ್ಸೆಲ್‌ನಲ್ಲಿ) ಹೋಯಿತೆಂದರೆ ಆ ವರ್ಷದ ಹೆಸರಿನಲ್ಲಿ ಕೆಂಪು ಬೀಳುತ್ತದೆ. ಅಕೇಶಿಯಾ ನೆಡುತೋಪನ್ನು ಅವಧಿ ಮುಗಿದು ಕಟಾವು ಮಾಡಿದರೂ ಕೆಂಪು, ಸಹಜ ಕಾಡು ಕಡಿದರೂ ಕೆಂಪು. ತೋಪು ಮತ್ತೆ ಚಿಗುರಿ ಆಳೆತ್ತರವಾದರೂ ಆ ಕೆಂಪು ಅಳಿಸುವುದಿಲ್ಲ.

ಹಾಗಾಗಿ ಒಂದು ಕಡೆ ಗೋಡಂಬಿ ತೋಟ ಎದ್ದು, ಇನ್ನೊಂದು ಕಡೆ ಕಾಡು ಬಿದ್ದರೆ ಮೊದಲನೆಯವರ ಮೊತ್ತ ಕದಲುವುದಿಲ್ಲ, ಎರಡನೆಯವರ ನಕ್ಷೆ ಕೆಂಪಾಗುತ್ತದೆ. ಇನ್ನೊಂದು ಮಾತು: ನೀವು ಕೊಟ್ಟಿರುವ 155 ಇಡೀ ರಾಜ್ಯದ್ದು. ಅದನ್ನು ಖಾನಾಪುರದ ತಲೆಗೆ ಕಟ್ಟಬೇಡಿ.

ಖಾನಾಪುರ ಮಾಸ್ತರ
ಗೋಡಂಬಿ ತೋಟವೂ ಅರಣ್ಯವೇ! ಇದನ್ನು ಪಠ್ಯಪುಸ್ತಕದಲ್ಲಿ ಒಂದು ಸಾಲಾದರೂ ಬರೆದಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು.

ಬಿಳಿಜೋಳ
ಹಾಗಾದರೆ ನಮ್ಮ ವಿಜಯಪುರದ ದ್ರಾಕ್ಷಿ ಪಡಗಳೆಲ್ಲ ಅರಣ್ಯ ಇಲಾಖೆಗೆ ಸೇರಿದವು ಎನ್ನಿ. ಬರಗಾಲದ ಜಿಲ್ಲೆ ಎಂದು ಹೆಸರಿಟ್ಟವರು ಈಗ ಬಂದು ಕ್ಷಮೆ ಕೇಳಲಿ.

ಅವಕೆಂಪು
ದ್ರಾಕ್ಷಿ ಬಳ್ಳಿ, ಮರವಲ್ಲ. ಅದು ಸೇರುವುದಿಲ್ಲ. ನಿಮ್ಮ ಇಂಡಿ ತಾಲ್ಲೂಕಿನ ಲಿಂಬೆ ತೋಟ ಎರಡೂವರೆ ಎಕರೆಗಿಂತ ದೊಡ್ಡದಿದ್ದು ನೆರಳು ಕೂಡಿಕೊಂಡಿದ್ದರೆ ಸೇರುತ್ತದೆ. ಆದರೆ ‘ಅರಣ್ಯ ಹೊದಿಕೆ’ ಎಂದ ಮಾತ್ರಕ್ಕೆ ಜಮೀನು ಇಲಾಖೆಯದಾಗುವುದಿಲ್ಲ. ‘ದಾಖಲಿತ ಅರಣ್ಯ ಪ್ರದೇಶ’ ಎಂಬುದು ಬೇರೆಯೇ ಪಟ್ಟಿ. ಅದು ಸರ್ಕಾರಿ ದಾಖಲೆಯಲ್ಲಿರುವ ಕಾಡು, ಅಲ್ಲಿ ಒಂದು ಮರವೂ ಇಲ್ಲದಿರಬಹುದು.

ಮೋಜಣಿ ಕಾಕಾ
ಭೂಮಾಪನ ಇಲಾಖೆಯಲ್ಲಿ ಸರಪಳಿ ಎಳೆದು ನಿವೃತ್ತನಾದವನು ನಾನು. ಹೆಕ್ಟೇರ್, ಪಿಕ್ಸೆಲ್ ಎಂದರೆ ರೈತರಿಗೆ ತಿಳಿಯುವುದಿಲ್ಲ, ಗುಂಟೆಯಲ್ಲಿ ಹೇಳುತ್ತೇನೆ.

ಯುರೋಪಿನವರ ಸೆಂಟಿನೆಲ್-2 ಚಿತ್ರದ ಒಂದು ಚೌಕ 10 ಮೀಟರ್ ಉದ್ದ, 10 ಮೀಟರ್ ಅಗಲ. ನೂರು ಚದರ ಮೀಟರ್ ಎಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಅಮೆರಿಕದ ಲ್ಯಾಂಡ್‌ಸ್ಯಾಟ್ 30 ಮೀಟರ್, ಅಂದರೆ ಒಂದು ಚೌಕಕ್ಕೆ ಒಂಬತ್ತು ಗುಂಟೆಯ ಹತ್ತಿರ. ನಮ್ಮ ರಿಸೋರ್ಸ್‌ಸ್ಯಾಟ್‌ನ ಲಿಸ್-3 ಕ್ಯಾಮೆರಾ 23.5 ಮೀಟರ್, ಐದೂವರೆ ಗುಂಟೆ. 1972ರಲ್ಲಿ ಹಾರಿದ ಮೊದಲ ಲ್ಯಾಂಡ್‌ಸ್ಯಾಟ್‌ನದು ಸುಮಾರು 80 ಮೀಟರ್, ಒಂದು ಚೌಕದಲ್ಲಿ ಒಂದೂವರೆ ಎಕರೆ ನುಂಗಿಹೋಗುತ್ತದೆ. ಸಮೀಕ್ಷೆಯವರು ಲಿಸ್-3 ಚಿತ್ರ ಬಳಸಿ ಒಂದು ಹೆಕ್ಟೇರ್‌ಗಿಂತ ಚಿಕ್ಕದನ್ನು ಬಿಟ್ಟುಬಿಡುತ್ತಾರೆ. ಹೆಕ್ಟೇರ್ ಎಂದರೆ 2 ಎಕರೆ 19 ಗುಂಟೆ.

ಈಗ ಲೋಂಡಾ ತಮ್ಮನಿಗೆ ಉತ್ತರ: ರಸ್ತೆಬದಿಯ ಮರದ ಸಾಲು ಎಷ್ಟು ಉದ್ದವಿದ್ದರೂ ಅಗಲ ಒಂದು ಚೌಕಕ್ಕೂ ಸಾಲದು. ಅದು ಮೊದಲೂ ಎಣಿಕೆಯಲ್ಲಿ ಸರಿಯಾಗಿ ಇರಲಿಲ್ಲ, ಆದ್ದರಿಂದ ಹೋದದ್ದೂ ಕಾಣುವುದಿಲ್ಲ.

ಲೋಂಡಾ ಪ್ಯಾಸೆಂಜರ್
ಕಾಕಾ, ಲೆಕ್ಕ ಒಪ್ಪಿದೆ. ಆದರೆ ನೂರು ವರ್ಷದ ಆಲದ ಮರ ಎಣಿಕೆಗೇ ಬಾರದಂಥ ವಿಧಾನಕ್ಕೆ ‘ಸಮೀಕ್ಷೆ’ ಎಂದು ದೊಡ್ಡ ಹೆಸರೇಕೆ?

ಮೋಜಣಿ ಕಾಕಾ
ಇಡೀ ದೇಶವನ್ನು ಎರಡು ವರ್ಷಕ್ಕೊಮ್ಮೆ ಅಳೆಯಬೇಕಲ್ಲಪ್ಪ. ಮರ ಮರಕ್ಕೂ ಟೇಪು ಹಿಡಿದು ಹೋದರೆ ನನ್ನ ಮೊಮ್ಮಗನೂ ನಿವೃತ್ತನಾಗುತ್ತಾನೆ. ರಸ್ತೆ ಮರ ಎಣಿಸಲು ನೆಲದ ಮೇಲೆ ನಡೆಯಬೇಕು, ಆ ಪಟ್ಟಿಯನ್ನು ರಸ್ತೆ ಕೆಲಸ ಶುರುವಾಗುವ ಮೊದಲೇ ಕೇಳಿ ಪಡೆಯಬೇಕು.

ಟಿಳಕವಾಡಿ
ನಾನು ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ. ಇಷ್ಟೆಲ್ಲ ಜಗಳವೇಕೆ? ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಎರಡು ದಿನಾಂಕದ ಚಿತ್ರ ತೆಗೆದುಕೊಂಡು ಎನ್‌ಡಿವಿಐ ಎಂಬ ಹಸಿರು ಸೂಚ್ಯಂಕ ಕಳೆದರೆ ಮುಗಿಯಿತು. ಎಲೆ ಕೆಂಪು ಬೆಳಕನ್ನು ಹೀರಿಕೊಂಡು ಕಣ್ಣಿಗೆ ಕಾಣದ ಸಮೀಪದ ಅವಕೆಂಪು ಬೆಳಕನ್ನು ಜೋರಾಗಿ ಹಿಂದಕ್ಕೆ ಕಳಿಸುತ್ತದೆ. ಅವಕೆಂಪಿನಲ್ಲಿ ಕೆಂಪು ಕಳೆದು ಎರಡರ ಮೊತ್ತದಿಂದ ಭಾಗಿಸಿದರೆ −1ರಿಂದ +1ರ ನಡುವೆ ಒಂದು ಸಂಖ್ಯೆ ಬರುತ್ತದೆ. ಹೆಚ್ಚಿದ್ದರೆ ಹಸಿರು. ನಾನು ಖಾನಾಪುರಕ್ಕೆ 2018ರ ನವೆಂಬರ್ ಮತ್ತು ಈ ವರ್ಷದ ಮಾರ್ಚ್ ಚಿತ್ರ ಹೋಲಿಸಿ ನೋಡಿದೆ. ಕಾಡಿನ ಅರ್ಧ ಭಾಗ ಕುಸಿದಿದೆ! ನಕ್ಷೆ ಬೇಕಿದ್ದರೆ ಹಾಕುತ್ತೇನೆ.

ಅವಕೆಂಪು
ದಯವಿಟ್ಟು ಹಾಕಬೇಡಿ, ನಾಳೆ ಅದೇ ವಾಟ್ಸ್‌ಆ್ಯಪ್‌ನಲ್ಲಿ ‘ಅರ್ಧ ಕಾಡು ನಾಶ’ ಎಂದು ಓಡಾಡುತ್ತದೆ. ನವೆಂಬರ್‌ನಲ್ಲಿ ಮಳೆ ಕುಡಿದು ನಿಂತ ಕಾಡು, ಮಾರ್ಚ್‌ನಲ್ಲಿ ಎಲೆ ಉದುರಿಸಿದ ಕಾಡು. ಸಾಗವಾನಿ, ಮತ್ತಿ, ನಂದಿ ಎಲ್ಲ ಬೇಸಿಗೆಗೆ ಬೋಳಾಗುವ ಮರಗಳು. ಕಣಕುಂಬಿ, ಭೀಮಗಡದ ಕಡೆಯ ನಿತ್ಯಹರಿದ್ವರ್ಣ ಪಟ್ಟಿ ಮಾತ್ರ ಹಸಿರಾಗಿ ಉಳಿಯುತ್ತದೆ. ನಿಮ್ಮ ನಕ್ಷೆ ಉದುರಿದ ಎಲೆಯನ್ನು ಅಳೆದಿದೆ.

ಹೋಲಿಸುವುದಾದರೆ ಅದೇ ತಿಂಗಳು, ಸಾಧ್ಯವಾದರೆ ಅದೇ ವಾರ, ಆ ವರ್ಷದ ಮಳೆ ಹೇಗಿತ್ತು ಎಂಬುದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಸಮೀಕ್ಷೆಯವರು ಮಳೆಗಾಲ ಮುಗಿದ ಮೇಲಿನ ಚಿತ್ರಗಳನ್ನೇ ಆರಿಸುವುದು ಎಲೆ ಮರದ ಮೇಲೆ ಇರಲಿ ಎಂದೇ.

ಟಿಳಕವಾಡಿ
ಮಾರ್ಚ್ ಬಿಟ್ಟು ಜೂನ್‌ನಿಂದ ಸೆಪ್ಟೆಂಬರ್ ತೆಗೆದುಕೊಂಡರೆ?

ಖಾನಾಪುರ ಮಾಸ್ತರ
ತಮ್ಮಾ, ಕಣಕುಂಬಿಯ ಮಳೆಗಾಲ ನೀನು ನೋಡಿದಂತಿಲ್ಲ. ಮಲಪ್ರಭೆ ಹುಟ್ಟುವ ಊರು ಅದು. ಮೇಲಿನಿಂದ ನೋಡಿದರೆ ಮೋಡ ಬಿಟ್ಟು ಬೇರೇನೂ ಕಾಣುವುದಿಲ್ಲ.

ಹಿನ್ನೀರು
ಬಾಗಲಕೋಟೆಯಿಂದ. ದಿನಾಂಕದ ವಿಷಯ ನಮ್ಮಲ್ಲಿ ಇನ್ನೂ ತಮಾಷೆಯಾಗಿದೆ. ಆಲಮಟ್ಟಿ ಜಲಾಶಯ 519.6 ಮೀಟರ್‌ಗೆ ತುಂಬಿ ನಿಂತಾಗ ತೆಗೆದ ಚಿತ್ರದಲ್ಲಿ ಹಳೆಯ ಬಾಗಲಕೋಟೆಯ ಅಂಚಿನವರೆಗೆ ನೀರು. ಮೇ ತಿಂಗಳಲ್ಲಿ ಅದೇ ಜಾಗ ಬಿರುಕು ಬಿಟ್ಟ ಮಣ್ಣು. ನಡುವೆ, ನೀರು ಹಿಂದೆ ಸರಿದಂತೆ ಜನ ಅಲ್ಲೇ ಬಿತ್ತುತ್ತಾರೆ, ಆಗ ಹಸಿರು. ಒಂದೇ ನೆಲ ವರ್ಷಕ್ಕೆ ಕೆರೆ, ಹೊಲ, ಬಂಜರು ಮೂರೂ ಆಗುತ್ತದೆ. ಎರಡು ಚಿತ್ರ ಮಾತ್ರ ನೋಡಿದವನು ‘ಜಲಮೂಲ ಒತ್ತುವರಿಯಾಗಿ ಕೃಷಿಭೂಮಿಯಾಗಿದೆ’ ಎಂದು ಪ್ರಬಂಧ ಬರೆದು ಪದವಿ ತೆಗೆದುಕೊಂಡು ಹೋಗುತ್ತಾನೆ.

ಎತ್ತರವನ್ನು 524.256 ಮೀಟರ್‌ಗೆ ಏರಿಸಿದರೆ ಯಾರ ಹೊಲ ಮುಳುಗುತ್ತದೆ ಎಂಬ ಲೆಕ್ಕದಲ್ಲಿಯೂ ಉಪಗ್ರಹ ನಕ್ಷೆ ತೋರಿಸುವವರಿದ್ದಾರೆ. ಅವರಿಗೆ ನನ್ನದು ಒಂದೇ ಪ್ರಶ್ನೆ, ಚಿತ್ರ ಯಾವ ತಿಂಗಳದು?

ಕರದಂಟು ಪ್ರಿಯ
ಬಾಗಲಕೋಟೆಯ ನವನಗರ ಮಾತ್ರ ಮೇಲಿನಿಂದ ಚೆಸ್ ಹಲಗೆಯ ಹಾಗೆ ಕಾಣುತ್ತದೆ. ಸೆಕ್ಟರ್ ಹುಡುಕಿಕೊಂಡು ಅಲೆದವರಿಗೆ ಆ ಸುಖ ಮೇಲಿನಿಂದಲೇ ಸಿಗಬೇಕು.

ಹಿನ್ನೀರು
ನಮ್ಮ ಮನೆಗೆ ಬಂದವರು ಯಾರೂ ದಾರಿ ತಪ್ಪಿಲ್ಲ ಸ್ವಾಮಿ. ಗೋಕಾಕದ ಪೇಟೆಯಲ್ಲಿ ವಾಹನ ನಿಲ್ಲಿಸಲು ಜಾಗ ಹುಡುಕಿ ತೋರಿಸಿ ನೋಡೋಣ.

ಅವಕೆಂಪು
ಮೋಡದ ಮಾತು ಬಂತಲ್ಲ, ಅದಕ್ಕೆ ರೇಡಾರ್ ಇದೆ. ಸೆಂಟಿನೆಲ್-1 ಉಪಗ್ರಹ ತಾನೇ ರೇಡಿಯೋ ಅಲೆ ಕಳಿಸಿ ತಾನೇ ಹಿಡಿಯುತ್ತದೆ. ಮೋಡ ಅಡ್ಡವಲ್ಲ, ರಾತ್ರಿಯೂ ಅಡ್ಡವಲ್ಲ. ನಿಂತ ನೀರು ಅಲೆಯನ್ನು ಪಕ್ಕಕ್ಕೆ ಚಿಮ್ಮಿಸುವುದರಿಂದ ಕಪ್ಪಾಗಿ ಕಾಣುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ ಆಕಾಶ ತಿಳಿಯಾಗಿರಲಿಲ್ಲ, ಅಂಥ ದಿನಗಳಲ್ಲಿ ಮುಳುಗಡೆಯ ನಕ್ಷೆ ಬೇಕೆಂದರೆ ರೇಡಾರೇ ಗತಿ.

ಆದರೆ ಸೆಂಟಿನೆಲ್-1ರ ಅಲೆಯ ಉದ್ದ ಸಣ್ಣದು. ದಟ್ಟ ಕಾಡಿನಲ್ಲಿ ಮೇಲಿನ ಎಲೆ, ರೆಂಬೆಗೇ ಬಡಿದು ವಾಪಸಾಗುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ರೇಡಾರ್ ಉಪಗ್ರಹ ನಿಸಾರ್‌ನಲ್ಲಿ ನಾಸಾದ ಎಲ್ ಬ್ಯಾಂಡ್, ಇಸ್ರೋದ ಎಸ್ ಬ್ಯಾಂಡ್ ಎರಡೂ ಇವೆ. ಎಲ್ ಬ್ಯಾಂಡಿನ ಉದ್ದನೆಯ ಅಲೆ ಎಲೆಗಳ ನಡುವೆ ನುಸುಳಿ ಕಾಂಡದವರೆಗೆ ಇಳಿಯಬಲ್ಲದು, 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತದೆ. ಕಾಡು ತೆಳುವಾಗುವುದನ್ನು ಹಿಡಿಯಲು ನನಗೆ ಹೆಚ್ಚು ಭರವಸೆ ಇರುವುದು ಅದರ ಮೇಲೆ.

ಬಿಳಿಜೋಳ
ಅಕ್ಕಾ, ಕಾಡು ತೆಳುವಾಗುವುದನ್ನು ಈಗಿನ ಚಿತ್ರ ಹಿಡಿಯುವುದಿಲ್ಲವೇ?

ಅವಕೆಂಪು
ಹಿಡಿಯುತ್ತದೆ, ಆದರೆ ಬಹಳ ತಡವಾಗಿ. ಶೇ 90 ನೆರಳಿದ್ದ ಕಾಡಿನಿಂದ ಒಳ್ಳೆಯ ಮರಗಳನ್ನು ಆರಿಸಿ ಕಡಿದು ಶೇ 72ಕ್ಕೆ ಇಳಿಸಿದರೂ ಸಮೀಕ್ಷೆಯ ಪಟ್ಟಿಯಲ್ಲಿ ಅದು ‘ಅತಿ ದಟ್ಟ’ವೇ. ಎನ್‌ಡಿವಿಐ ಕೂಡ ದಟ್ಟ ಕಾಡಿನಲ್ಲಿ ಮೇಲಿನ ಹಂತಕ್ಕೆ ಹೋಗಿ ಅಲ್ಲೇ ನಿಂತುಬಿಡುತ್ತದೆ, ಒಳಗೆ ಮರ ಕಡಿಮೆಯಾದರೂ ಪೊದೆ, ಬಳ್ಳಿಗಳ ಹಸಿರು ಅದಕ್ಕೆ ಸಾಕು. ಕೆಂಪು ಚುಕ್ಕೆಯೂ ಬೀಳುವುದಿಲ್ಲ, ಏಕೆಂದರೆ ಚೌಕದ ಹೊದಿಕೆ ಪೂರ್ತಿ ಹೋಗಿಲ್ಲ. ತೋಪು ಕಟಾವಾದದ್ದು ಢಾಳಾಗಿ ಕಾಣುತ್ತದೆ, ಕಾಡಿನ ಒಳಗಿನ ಕಳ್ಳತನ ಕಾಣುವುದಿಲ್ಲ. ಮಾಸ್ತರೇ, ಆ ಹುಡುಗಿಗೆ ಇದನ್ನೇ ಹೇಳಿ.

ಲೋಂಡಾ ಪ್ಯಾಸೆಂಜರ್
ನಾನು ಮೊದಲೇ ಹೇಳಿದ್ದೂ ಇದನ್ನೇ, ಅಂಕಿ ಇಲ್ಲದೆ ಹೇಳಿದೆ ಅಷ್ಟೆ.

ಕುರುಚಲು
ಬೀಳಗಿ ಕಡೆಯವನು. ಎಲ್ಲರೂ ಹಸಿರು ಹೆಚ್ಚಾದರೆ ಒಳ್ಳೆಯದು, ಕಡಿಮೆಯಾದರೆ ಕೆಟ್ಟದ್ದು ಎಂದುಕೊಂಡೇ ಮಾತಾಡುತ್ತಿದ್ದೀರಿ. ನಮ್ಮ ಯಡಹಳ್ಳಿಗೆ ಬನ್ನಿ. ಬೀಳಗಿ, ಮುಧೋಳ ತಾಲ್ಲೂಕುಗಳ ನಡುವೆ ಸುಮಾರು 96 ಚದರ ಕಿಲೋಮೀಟರ್ ಜಾಗವನ್ನು 2016ರಲ್ಲಿ ಚಿಂಕಾರ (ಒಂದು ಬಗೆಯ ಹುಲ್ಲೆ) ವನ್ಯಜೀವಿ ಧಾಮ ಎಂದು ಘೋಷಿಸಿದರು. ಚಿಂಕಾರಕ್ಕೆ ಬೇಕಾದದ್ದು ಬಯಲು, ಹುಲ್ಲು, ಅಲ್ಲೊಂದು ಇಲ್ಲೊಂದು ಮುಳ್ಳುಗಿಡ. ದೂರದವರೆಗೆ ಕಣ್ಣು ಹಾಯಬೇಕು, ಓಡಲು ಜಾಗ ಬೇಕು.

ಸಮೀಕ್ಷೆಯಲ್ಲಿ ಇಂಥ ನೆಲ ಬಹುಪಾಲು ಕುರುಚಲು, ಅರಣ್ಯ ಹೊದಿಕೆಯ ಮೊತ್ತದ ಹೊರಗೆ. ಬಂಜರು ಭೂಮಿಯ ರಾಷ್ಟ್ರೀಯ ನಕಾಶೆಯಲ್ಲಿಯೂ ಕುರುಚಲು ನೆಲಕ್ಕೆ ಬಂಜರಿನ ಸಾಲಿನಲ್ಲೇ ಒಂದು ಕೋಣೆ ಇದೆ. ಅಲ್ಲಿ ಯಾರಾದರೂ ಗುಂಡಿ ತೋಡಿ ಅಕೇಶಿಯಾ ನೆಟ್ಟರೆ ಉಪಗ್ರಹ ಅದನ್ನು ‘ಅರಣ್ಯ ಹೆಚ್ಚಳ’ ಎಂದು ತೋರಿಸುತ್ತದೆ, ಚಿಂಕಾರ ಮಾತ್ರ ಜಾಗ ಖಾಲಿ ಮಾಡಬೇಕಾಗುತ್ತದೆ. ಬಳ್ಳಾರಿ ಜಾಲಿ ಹಬ್ಬಿದರೂ ಅಷ್ಟೇ, ನಕ್ಷೆಗೆ ಅದು ಬಲು ಚೆಂದದ ಹಸಿರು.

ಬಿಳಿಜೋಳ
ಅಣ್ಣಾ, ನಿಮ್ಮ ಮಾತು ಒಪ್ಪುವುದು ಕಷ್ಟ. ರಾಜ್ಯದಲ್ಲಿ ಅರಣ್ಯ ಅತಿ ಕಡಿಮೆ ಇರುವ ಜಿಲ್ಲೆಗಳಲ್ಲಿ ನಮ್ಮದೊಂದು. ಕೋಟಿ ವೃಕ್ಷ ಅಭಿಯಾನದಲ್ಲಿ ಊರೂರಲ್ಲಿ ಗಿಡ ನೆಟ್ಟಿದ್ದೇವೆ. ಬೇಸಿಗೆಯಲ್ಲಿ ಇಲ್ಲಿ ನಿಂತು ನೋಡಿ, ನೆರಳಿನ ಬೆಲೆ ತಿಳಿಯುತ್ತದೆ. ಮರ ಬೇಡ ಎನ್ನುವುದು ಹೊಟ್ಟೆ ತುಂಬಿದವರ ಮಾತು.

ಕುರುಚಲು
ಬೇಡ ಎಂದವರಾರು? ರಸ್ತೆಬದಿ, ಹೊಲದ ಬದು, ಶಾಲೆಯ ಅಂಗಳ, ಎಷ್ಟು ಬೇಕಾದರೂ ನೆಡಿ. ಹುಲ್ಲುಗಾವಲನ್ನು ಖಾಲಿ ಜಾಗ ಎಂದು ತಿಳಿದು ನೆಡಬೇಡಿ ಎಂದೆ.

ಟಿಳಕವಾಡಿ
ಆ ನೆಟ್ಟ ಗಿಡಗಳು ಚಿತ್ರದಲ್ಲಿ ಕಾಣುತ್ತವೆಯೇ? ಅಭಿಯಾನ ಗೆದ್ದಿತೋ ಸೋತಿತೋ ಎಂದು ನೋಡಲು ಒಳ್ಳೆಯ ಯೋಜನಾ ವಿಷಯವಾದೀತು.

ಮೋಜಣಿ ಕಾಕಾ
ಸಸಿಯ ನೆರಳು ಒಂದು ಚದರ ಮೀಟರ್ ಇಲ್ಲ, ನಿನ್ನ ಚೌಕ ಒಂದು ಗುಂಟೆ. ಉಳಿದದ್ದೆಲ್ಲ ಎರೆಮಣ್ಣು. ಬದುವಿನ ಮೇಲೆ ಒಂಟಿ ಸಾಲಾಗಿ ಬೆಳೆದದ್ದಾದರೆ ದೊಡ್ಡದಾದ ಮೇಲೂ ಕಾಣುವುದು ಅನುಮಾನ.

ಅವಕೆಂಪು
ಜೊತೆಗೆ ವಿಜಯಪುರದಲ್ಲಿ ನವೆಂಬರ್‌ನಿಂದ ಜನವರಿವರೆಗೆ ಹಿಂಗಾರಿ ಜೋಳ, ಕಡಲೆ ನಿಂತಿರುತ್ತವೆ. ಆ ಹಸಿರಿನಲ್ಲಿ ಗಿಡ ಹುಡುಕುವುದು ವ್ಯರ್ಥ. ಅಲ್ಲಿ ಏಪ್ರಿಲ್ ಚಿತ್ರವೇ ಲೇಸು: ಬೆಳೆ ಇರುವುದಿಲ್ಲ, ಕರಿನೆಲದ ಮೇಲೆ ಹಸಿರಾಗಿ ಉಳಿದದ್ದು ಬೇವು, ಜಾಲಿ, ಲಿಂಬೆ ಅಥವಾ ನೀರಾವರಿ. ಖಾನಾಪುರಕ್ಕೆ ಹೇಳಿದ ತಿಂಗಳು ಇಂಡಿಗೆ ಹೊಂದುವುದಿಲ್ಲ.

ಬೆಳಗಾವಿಯ ಬಯಲಿನಲ್ಲಿ ಕಬ್ಬಿನದು ಮತ್ತೊಂದು ಕಾಟ. ಆಳೆತ್ತರದ ಕಬ್ಬು ಸೂಚ್ಯಂಕದಲ್ಲಿ ಕಾಡಿಗೆ ಸರಿಸಮ. ಒಂದೇ ಚಿತ್ರ ಕೊಟ್ಟು ಕಂಪ್ಯೂಟರ್‌ಗೆ ವಿಂಗಡಿಸು ಎಂದರೆ ಅಥಣಿ, ರಾಯಬಾಗದಲ್ಲಿಯೂ ಕಾಡು ಹುಟ್ಟುತ್ತದೆ. ವರ್ಷವಿಡೀ ಚಿತ್ರಗಳನ್ನು ಸಾಲಾಗಿ ಜೋಡಿಸಿದರೆ ಕಟಾವಿನ ದಿನ ಕಬ್ಬಿನ ಗೆರೆ ದಬಕ್ಕನೆ ಬೀಳುತ್ತದೆ, ಕಾಡಿನದು ಹಾಗೆ ಬೀಳುವುದಿಲ್ಲ. ಸೆಂಟಿನೆಲ್-2ರ ಜೋಡಿ ಉಪಗ್ರಹ ಐದು ದಿನಕ್ಕೊಮ್ಮೆ ಬರುವುದರಿಂದ ಇದು ಸಾಧ್ಯ.

ಕರದಂಟು ಪ್ರಿಯ
ರಾಯಬಾಗದಲ್ಲಿ ಕಾಡು! ಹುಲಿಯನ್ನೂ ಬಿಟ್ಟರೆ ಸಕ್ಕರೆ ಕಾರ್ಖಾನೆಯವರು ಬಾಕಿ ಬೇಗ ಕೊಡಬಹುದು.

ಗವಳಿವಾಡ
ನಗುವವರು ನಗಲಿ, ನಮಗೆ ಈ ಚೌಕಗಳು ಅನ್ನದ ಪ್ರಶ್ನೆ. ನಮ್ಮ ಕಡೆಯ ಒಂದು ವಾಡೆಯವರು ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದ್ದರು. ‘ಉಪಗ್ರಹ ಚಿತ್ರದಲ್ಲಿ ಸಾಗುವಳಿ ಕಾಣುತ್ತಿಲ್ಲ’ ಎಂದು ಒಂದು ಕಚೇರಿಯಲ್ಲಿ ತಿರಸ್ಕರಿಸಿ ಕಳಿಸಿದರು. ಕಾನೂನು 2006ರದು. 75 ವರ್ಷದ ಸಾಕ್ಷ್ಯ ತನ್ನಿ ಎನ್ನುತ್ತಾರೆ. 1930ರಲ್ಲಿ ಯಾವ ಉಪಗ್ರಹ ಹಾರುತ್ತಿತ್ತು?

ಟಿಳಕವಾಡಿ
ಚಿತ್ರ ಸುಳ್ಳು ಹೇಳುವುದಿಲ್ಲವಲ್ಲ. ಸಾಗುವಳಿ ಇದ್ದಿದ್ದರೆ ಕಾಣಬೇಕಿತ್ತು.

ಮೋಜಣಿ ಕಾಕಾ
ತಡೆಯಿರಿ, ಇಲ್ಲಿ ಎರಡು ವಿಷಯ ಕಲಸಿಹೋಗಿವೆ. 75 ವರ್ಷ, ಅಂದರೆ ಮೂರು ತಲೆಮಾರು, ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ಅಲ್ಲಿ ನೆಲೆಸಿದ್ದಕ್ಕೆ ಕೇಳುವ ಅವಧಿ. ಅದಕ್ಕೆ ಹಿರಿಯರ ಹೇಳಿಕೆ, ಹಳೆಯ ದಾಖಲೆ, ಗುಡಿ, ಸಮಾಧಿ, ಬಾವಿಯ ಕುರುಹು ನಡೆಯುತ್ತವೆ. ಭೂಮಿ ಸ್ವಾಧೀನದಲ್ಲಿ ಇರಬೇಕಾದ ದಿನಾಂಕ ಬೇರೆ, 2005ರ ಡಿಸೆಂಬರ್ 13. ಚಿತ್ರ ತೋರಿಸಿ ಜಗಳವಾಡುವುದು ಈ ಎರಡನೆಯದಕ್ಕೆ.

2012ರಲ್ಲಿ ತಿದ್ದಿದ ನಿಯಮದಲ್ಲಿ ಸ್ಪಷ್ಟವಾಗಿ ಇದೆ: ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಗಳಿಗೆ ಪೂರಕವಾಗಬಹುದು, ಅವುಗಳ ಬದಲಿಗೆ ನಿಲ್ಲುವಂತಿಲ್ಲ. ಬರೀ ಚಿತ್ರ ನೋಡಿ ತಿರಸ್ಕರಿಸಿದ್ದರೆ ಆ ನಿಯಮ ಹಿಡಿದು ಮೇಲಿನ ಸಮಿತಿಗೆ ಮೇಲ್ಮನವಿ ಬರೆಯಿರಿ. ತಿರಸ್ಕರಿಸಿದ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯುವುದನ್ನು ಮರೆಯಬೇಡಿ.

ಅವಕೆಂಪು
ಟಿಳಕವಾಡಿ ತಮ್ಮಾ, 2005ರ ಸುತ್ತಮುತ್ತ ಇದ್ದ ಚಿತ್ರಗಳನ್ನೊಮ್ಮೆ ನೋಡು. ಲ್ಯಾಂಡ್‌ಸ್ಯಾಟ್-7ರ ಒಂದು ಭಾಗ 2003ರ ಮೇ ತಿಂಗಳಲ್ಲಿ ಕೆಟ್ಟು, ಅಲ್ಲಿಂದ ಮುಂದೆ ಪ್ರತಿ ಚಿತ್ರದಲ್ಲೂ ಪಟ್ಟೆ ಪಟ್ಟೆಯಾಗಿ ಮಾಹಿತಿ ಇಲ್ಲ. ಲ್ಯಾಂಡ್‌ಸ್ಯಾಟ್-5 ಇತ್ತು, 30 ಮೀಟರ್. ಲಿಸ್-3 ಇತ್ತು, 23.5 ಮೀಟರ್. ಮರಗಳ ಮಧ್ಯೆ ಹದಿನೈದು ಗುಂಟೆ ನಾಚಣಿ (ರಾಗಿ) ಬಿತ್ತಿದವನ ಹೊಲ ಅದರಲ್ಲಿ ಎರಡು ಮೂರು ಚೌಕ, ಅವೂ ಪಕ್ಕದ ಮರದೊಂದಿಗೆ ಬೆರೆತದ್ದು. ಒಂದು ವರ್ಷ ಬೀಳು ಬಿಟ್ಟಿದ್ದರೆ ಅದೂ ಇಲ್ಲ. ಕಾಣದಿದ್ದದ್ದು ಇರಲೇ ಇಲ್ಲ ಎಂದು ಸಾಬೀತಾಗುವುದಿಲ್ಲ. ಒಂದು ನಲವತ್ತು ಎಕರೆ ತೋಟ 2005ರ ನಂತರ ಎದ್ದಿತು ಎಂಬುದನ್ನು ಮಾತ್ರ ಈ ಚಿತ್ರಗಳು ಗಟ್ಟಿಯಾಗಿ ಹೇಳಬಲ್ಲವು. ದೊಡ್ಡ ಒತ್ತುವರಿಗೆ ಇವು ಒಳ್ಳೆಯ ಸಾಕ್ಷಿ, ಬಡವನ ತುಂಡು ಹೊಲಕ್ಕೆ ಕೆಟ್ಟ ಸಾಕ್ಷಿ. ಬಳಕೆಯಾಗುತ್ತಿರುವುದು ಮಾತ್ರ ತಿರುಗುಮುರುಗಾಗಿ.

ಗವಳಿವಾಡ
ಕಾಕಾ, ಅಕ್ಕಾ, ಇಬ್ಬರಿಗೂ ನಮಸ್ಕಾರ. ನಿಯಮದ ಪ್ರತಿ ಕನ್ನಡದಲ್ಲಿ ಸಿಗುತ್ತದೆಯೇ?

ಮೋಜಣಿ ಕಾಕಾ
ಹುಡುಕಿ ಕಳಿಸುತ್ತೇನೆ. ಸಿಗದಿದ್ದರೆ ನಾನೇ ಕುಳಿತು ಆ ಭಾಗ ಕನ್ನಡದಲ್ಲಿ ಬರೆದುಕೊಡುತ್ತೇನೆ, ನಿವೃತ್ತನಿಗೆ ಬೇರೆ ಕೆಲಸವೇನು.

ಖಾನಾಪುರ ಮಾಸ್ತರ
ಇಷ್ಟೆಲ್ಲ ಓದಿದ ಮೇಲೆ ಮಕ್ಕಳಿಂದ ಏನು ಮಾಡಿಸಲಿ ಎಂಬುದು ಹೊಸ ಚಿಂತೆ. ನಕ್ಷೆ ತೋರಿಸಿ ಕೈತೊಳೆದುಕೊಳ್ಳಲು ಈಗ ಮನಸ್ಸಿಲ್ಲ.

ಅವಕೆಂಪು
ನಕ್ಷೆಯನ್ನು ಪರೀಕ್ಷೆ ಮಾಡಿಸಿ. ಸೆಂಟಿನೆಲ್-2 ಚಿತ್ರ ಕೋಪರ್ನಿಕಸ್ ಜಾಲತಾಣದಲ್ಲಿ ಉಚಿತ, ಲ್ಯಾಂಡ್‌ಸ್ಯಾಟ್ 2008ರಿಂದ ಉಚಿತ, ನಮ್ಮ ಇಸ್ರೋದ ಭುವನ್ ಜಾಲತಾಣ ಇದೆ. ನಾನು ಖಾನಾಪುರ ಸುತ್ತ ಕೆಂಪು ಬಿದ್ದ ಜಾಗಗಳಿಂದ ಕೆಲವು, ಬೀಳದ ಜಾಗಗಳಿಂದ ಕೆಲವು ಬಿಂದುಗಳನ್ನು ಕಂಪ್ಯೂಟರ್‌ನಿಂದ ಚೀಟಿ ಎತ್ತಿಸಿದಂತೆ ತೆಗೆದುಕೊಡುತ್ತೇನೆ. ಮಕ್ಕಳು ಅಲ್ಲಿಗೆ ಹೋಗಿ ಇರುವುದೇನು ಎಂದು ಬರೆಯಲಿ: ಸಹಜ ಕಾಡು, ತೋಪು, ಗೋಡಂಬಿ, ಹೊಲ. ನಕ್ಷೆ ಹೇಳಿದ್ದು ಒಂದು ಕಡೆ, ಕಂಡದ್ದು ಇನ್ನೊಂದು ಕಡೆ ಬರೆದು ಪಟ್ಟಿ ಮಾಡಿದರೆ ನಕ್ಷೆ ಎಷ್ಟು ಸರಿ ಎಂಬ ಲೆಕ್ಕ ತಾನಾಗಿ ಬರುತ್ತದೆ. ದೊಡ್ಡ ಸಂಸ್ಥೆಗಳೂ ಮಾಡುವುದು ಇದನ್ನೇ.

ಒಂದು ಷರತ್ತು, ರಸ್ತೆಗೆ ಹತ್ತಿರವಾಗಲಿ ಎಂದು ಬಿಂದು ಬದಲಾಯಿಸುವಂತಿಲ್ಲ. ರಸ್ತೆಬದಿಯಲ್ಲೇ ನೋಡಿದರೆ ಲೆಕ್ಕ ವಾಲುತ್ತದೆ.

ಲೋಂಡಾ ಪ್ಯಾಸೆಂಜರ್
ಭೀಮಗಡ ಧಾಮದ ಒಳಗೆ ಬಿಂದು ಬಿದ್ದರೆ? 2011ರಿಂದ ಅದು ವನ್ಯಜೀವಿ ಧಾಮ, ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಕರಡಿಯೂ ಇದೆ, ಬಾರಾಪೆಡೆ ಗುಹೆಯ ಬಾವಲಿಗಳಿಗೂ ತೊಂದರೆ.

ಅವಕೆಂಪು
ಧಾಮದ ಗಡಿಯನ್ನು ಹೊರಗಿಟ್ಟೇ ಚೀಟಿ ಎತ್ತುತ್ತೇನೆ. ಫಲಿತಾಂಶ ಹೊರಗಿನ ಕಾಡಿಗೆ ಮಾತ್ರ ಅನ್ವಯ ಎಂದು ಮೊದಲ ಸಾಲಿನಲ್ಲೇ ಬರೆಯಬೇಕು.

ಟಿಳಕವಾಡಿ
ನಾನೂ ಬರುತ್ತೇನೆ, ಜಿಪಿಎಸ್ ಕೆಲಸ ನನ್ನದು. ಫೆಬ್ರವರಿ ಮೊದಲ ವಾರ ಆಗಬಹುದೇ?

ಖಾನಾಪುರ ಮಾಸ್ತರ
ಫೆಬ್ರವರಿಯಲ್ಲಿ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ, ನನಗೆ ಉಸಿರಾಡಲು ಬಿಡುವಿಲ್ಲ. ಡಿಸೆಂಬರ್‌ನಲ್ಲಿ ಇಟ್ಟುಕೊಳ್ಳೋಣ, ಎಲೆಯೂ ಮರದ ಮೇಲೆ ಇರುತ್ತದೆ. ಪಾಲಕರ ಒಪ್ಪಿಗೆ ಪತ್ರ ಈ ವಾರವೇ ಕಳಿಸುತ್ತೇನೆ.

ಕರದಂಟು ಪ್ರಿಯ
ಮಕ್ಕಳಿಗೆ ಕರದಂಟು ನನ್ನ ಲೆಕ್ಕದಲ್ಲಿ. ಎಷ್ಟು ಜನ ಎಂದು ಮೊದಲೇ ತಿಳಿಸಿ.